ಮೂರನೇ ಸಲ ಕೂಗುವವಳು

ಮಾರ್ಚ್ ೧೦, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕುಳಿತಿದ್ದಕ್ಕೆ ಬೈಯಬೇಡ. ಆ ಕೆಲಸವನ್ನು ನಿನ್ನ ಅಮ್ಮ ಆಗಲೇ ಮುಗಿಸಿದ್ದಾಳೆ. ನಾನು ಭಾಷಣಕ್ಕೆ ತಯಾರಾಗುತ್ತಿದ್ದೆ. ಹೌದು, ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವನ ಭಾಷಣ!

ಆಪರೇಷನ್ ಆದ ಮೇಲೆ ಮಾತಿಲ್ಲದೆ ಕುಳಿತು ಬರೆದೆನಲ್ಲ, ಆ ಪುಟ್ಟ ಪುಸ್ತಕವನ್ನು ನಮ್ಮ ಬೀದಿಯ ಗ್ರಂಥಾಲಯದವರು ಓದಿದರಂತೆ. ‘ಬಿದ್ದು ಎದ್ದವರ ಮಾತು’ ಎಂದು ತಿಂಗಳಿಗೊಬ್ಬ ಲೇಖಕರನ್ನು ಕರೆಸುತ್ತಾರೆ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿಕೊಂಡಿದ್ದ ನಾನೂ ಲೇಖಕನಾದೆ ನೋಡು. ನಾನು ‘ಒಂದು ಸಲ, ಎರಡು ಸಲ’ ಅನ್ನುವಷ್ಟರಲ್ಲಿ ಮೂಟೆಯ ಮೇಲೆ ಕುಳಿತು ‘ಮೂರು ಸಲ!’ ಎಂದು ಕಿರುಚುತ್ತಿದ್ದವಳು ನೀನು, ನೆನಪಿದೆಯಾ?

ಗ್ರಂಥಪಾಲಕಿ ಒಳ್ಳೆಯ ಹೆಂಗಸು. “ನೀವು ಸುಮ್ನೆ ಕೂತ್ಕೊಳ್ಳಿ ಸಾರ್, ಪುಸ್ತಕಾನ ನಾನೇ ಓದ್ತೀನಿ,” ಅಂದರು. ನಿನ್ನ ಅಮ್ಮನೂ ಅವರ ಕಡೆಗೇ ವಾಲಿದಳು. “ಆ ಯಂತ್ರದ ದನಿಗೆ ಯಾರಾದ್ರೂ ನಕ್ರೆ ನಂಗೆ ತಡ್ಕೊಳ್ಳೋಕಾಗಲ್ಲ,” ಅಂದಳು. ನಾನು ಪಟ್ಟು ಬಿಡಲಿಲ್ಲ. ಬಿದ್ದವನು ನಾನು, ಎದ್ದವನು ನಾನು. ಮಾತು ಮಾತ್ರ ಬೇರೆಯವರದ್ದೇ?

ಕುತ್ತಿಗೆಗೆ ಒತ್ತಿ ಹಿಡಿದರೆ ಮಾತಾಡಿಸುವ ಈ ಬ್ಯಾಟರಿ ಯಂತ್ರದ ವಿಷಯ ನಿನಗೆ ತಿಳಿಸಿಲ್ಲ, ಗೊತ್ತು. ನಾನೇ ನಿನ್ನ ಅಮ್ಮನ ಬಾಯಿ ಕಟ್ಟಿಹಾಕಿದ್ದೆ. ಮಿಕ್ಸಿಗೆ ಮಾತು ಬಂದ ಹಾಗಿರುತ್ತದೆ ನನ್ನ ದನಿ. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ‘ಮೂಲಂಗಿ, ಕೋಸು, ಈರುಳ್ಳಿ’ ಎಂದು ಹೇಳಿ ಹೇಳಿ ನಾಲಿಗೆ ತಿದ್ದಿದೆ.

ನಿನ್ನೆ ಸಂಜೆ ಕುರ್ಚಿಗಳೆಲ್ಲ ತುಂಬಿದ್ದವು. ಯಂತ್ರ ಒತ್ತಿ “ಎಲ್ಲರಿಗೂ ನಮಸ್ಕಾರ” ಅಂದೆನೋ ಇಲ್ಲವೋ, ಮುಂದಿನ ಸಾಲಿನ ಅಜ್ಜಿಯೊಬ್ಬರು, “ಮೈಕು ಕೆಟ್ಟಿದೆ, ಯಾರಾದ್ರೂ ನೋಡ್ರಪ್ಪಾ!” ಎಂದು ಕೂಗಿಬಿಟ್ಟರು. ನಿನ್ನ ಅಮ್ಮ ತಲೆ ತಗ್ಗಿಸಿದಳು. ಎದ್ದು ಹೋಗಿಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ? ಆದರೆ ಗಿರಾಕಿ ಎದುರಿಗಿರುವಾಗ ಹರಾಜು ಕಟ್ಟೆ ಇಳಿದು ಹೋಗುವ ಆಸಾಮಿಯಲ್ಲ ನಾನು.

“ಮೈಕು ಸರಿಯಾಗಿದೆ ತಾಯಿ. ಕೆಟ್ಟಿದ್ದು ನಾನು. ರಿಪೇರಿ ಮಾಡ್ಸಿದೀನಿ, ಇಷ್ಟೇ ಆಗಿದ್ದು,” ಅಂದೆ.

ಮೊದಲು ನಕ್ಕವರು ಆ ಅಜ್ಜಿಯೇ. ಆಮೇಲೆ ಬ್ಯಾಟರಿ ಸೋಲುವವರೆಗೆ ಮಾತಾಡಿದೆ. ಹೊರಡುವಾಗ ಅವರು ನನ್ನ ಕೈ ಹಿಡಿದು, “ಮೊದಲ ಐದು ನಿಮಿಷ ಕಷ್ಟ ಆಯ್ತಪ್ಪ. ಆಮೇಲೆ ಅದು ನಿನ್ ದನೀನೇ ಅನ್ನಿಸ್ತು,” ಅಂದರು. ಆ ಮಾತನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಗಂಟಲು ನೂರು ವರ್ಷ ಗಟ್ಟಿಯಾಗಿರಲಿ, ಮಗಳೇ.

ನಿನ್ನ
ಅಪ್ಪ

ತಾ.ಕ.: ಇದು ಮರೆತಿದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟಿದ್ದು. ಯಂತ್ರ ಬಂದ ದಿನ ಮೊದಲ ಮಾತು ನಿನ್ನ ಜೊತೆಗೇ ಆಗಲೆಂದು ಕೆಳಮನೆಯ ದರ್ಜಿಯ ಫೋನಿನಿಂದ ಕರೆ ಮಾಡಿದ್ದೆ. ಆಗ ‘ನಾನು, ಅಪ್ಪ’ ಎಂದಷ್ಟೇ ಹೇಳಲು ಬರುತ್ತಿತ್ತು. “ಯಾರ್ರೀ ನೀವು? ನಮ್ಮಪ್ಪನಿಗೆ ಮಾತೇ ಹೋಗಿದೆ. ಇಂಥ ತಮಾಷೆ ಮಾಡೋಕೆ ನಾಚ್ಕೆ ಆಗಲ್ವಾ?” ಎಂದು ನೀನು ಅಳುತ್ತಾ ಫೋನ್ ಇಟ್ಟುಬಿಟ್ಟೆ. ನಿನ್ನ ತಪ್ಪೇನಿಲ್ಲ. ಆದರೆ ಆಮೇಲೆ ನಿನ್ನ ನಂಬರ್ ಒತ್ತಲು ನನಗೆ ಕೈ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಒತ್ತುತ್ತೇನೆ. ಮೊದಲ ಐದು ನಿಮಿಷ ಕಷ್ಟವಾದೀತು, ಫೋನ್ ಇಡಬೇಡ. ನಾನು ‘ಒಂದು ಸಲ, ಎರಡು ಸಲ’ ಎಂದು ನಿಲ್ಲಿಸುತ್ತೇನೆ. ಮೂರನೆಯದನ್ನು ನೀನು ಕೂಗು.