ಅಡಿಯ ಎಲೆ

ಇಸವಿ ೨೨೧೦, ಎಲೆಯುದುರು ಮಾಸದ ಮೂವತ್ತನಾಲ್ಕನೆಯ ದಿನ
ಕಪ್ಪತಗುಡ್ಡದ ಮಗ್ಗುಲು

ನನ್ನ ಹಿಂದಿನವರೇ,

ಈ ತಾರೀಖು ನೋಡಿ ನಗಬೇಡಿ, ಪ್ಲೀಸ್, ನಮ್ಮ ಮಾಸಗಳು ನಿಮ್ಮವಕ್ಕಿಂತ ಉದ್ದ. ಮಾತುಗಳು ವಿಚಿತ್ರವೆನಿಸಿದರೆ ಸಾರಿ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಮೇಲಾಗಿ ಮದುವೆಯಾಗಿ ಇನ್ನೂ ವಾರವಾಗಿಲ್ಲ! ಗಂಡನ ಹೆಸರು ಫಕೀರೇಶ. ಬರೆಯುವಾಗಲೂ ಕೈ ಕುಣಿಯುತ್ತದೆ. ಆದರೆ ಇವತ್ತು ಬರೆಸುತ್ತಿರುವುದು ಭಯ.

ನಮ್ಮಲ್ಲಿ ಒಲೆಗೆ, ಬಾಯ್ಲರಿಗೆ, ಎಲ್ಲಕ್ಕೂ ಕಾವುಗಟ್ಟಿಯೇ. ಎಂದರೆ ಹೊಲದ ಕಸ, ಕಾಡಿನ ತರಗೆಲೆಗಳನ್ನು ಪುಡಿಮಾಡಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯಂಥ ಉರುವಲು. ನೀವು ಹೊಲದಲ್ಲೇ ಸುಟ್ಟುಬಿಡುತ್ತಿದ್ದ ಹತ್ತಿಕಟ್ಟಿಗೆ, ಶೇಂಗಾ ಸಿಪ್ಪೆಗಳಿಂದ ಇದು ಶುರುವಾಯಿತಂತೆ. ಎಷ್ಟು ಚೆಂದದ ಉಪಾಯ! ಆಮೇಲೆ ಯಂತ್ರಗಳು ಹೆಚ್ಚಿದವು, ಕಸ ಸಾಲಲಿಲ್ಲ, ಗುಡ್ಡ ಗುಡಿಸಿದರು. ಗುಡಿಸಿದ ಗುಡ್ಡದಲ್ಲಿ ಮಳೆ ನಿಲ್ಲಲಿಲ್ಲ, ಮಣ್ಣೂ ನಿಲ್ಲಲಿಲ್ಲ. ಊರಿಗೆ ಉಳಿದ ಹಸಿರು ಇಳಿಜಾರು ಒಂದೇ, ಫಕೀರೇಶನ ಮನೆಯವರದ್ದು.

ಇಲ್ಲಿಯ ಪದ್ಧತಿಯಂತೆ ಹೊಸ ಸೊಸೆ ತಾನೇ ಒತ್ತಿದ ಗಟ್ಟಿಗಳಿಂದ ಊರಿಗೆಲ್ಲ ಹೋಳಿಗೆ ಬೇಯಿಸಬೇಕು. ಕೊನೆಯ ಪಂಕ್ತಿ ಏಳುವ ಮೊದಲೇ ಬೆಂಕಿ ಆರಿದರೆ, ಒಲೆ ಸಾಕಲಾರದವರೆಂದು ಆ ಮನೆಯ ಇಳಿಜಾರು ಊರಿನ ಪಾಲು.

ನಿನ್ನೆ ಮಧ್ಯಾಹ್ನ ನನ್ನ ಗಟ್ಟಿಗಳು ಮುಗಿದವು.

"ಏನವ್ವಾ ಇಂಗ್ಲಿಷ್ ಸೊಸಿ, ಮಂದಿಗೆ ಹಸಿ ಕಣಕ ಉಣಸ್ತಿ ಏನ?" ಎಂದು ಅತ್ತೆ ಶಿವಗಂಗವ್ವ ಕೂಗಿದರು.

ಫಕೀರೇಶ ಪೊರಕೆ ಹಿಡಿದು ಇಳಿಜಾರಿಗೆ ಓಡಿದ, ನಾನೂ ಹಿಂದೆಯೇ. ಮೇಲಿನ ಎಲೆಗಳು ಮದುವೆಗೆಂದು ಮೊದಲೇ ಯಂತ್ರಕ್ಕೆ ಹೋಗಿದ್ದವು. ಉಳಿದದ್ದು ಅಡಿಯ ಪದರ. ಕೈಯಿಟ್ಟೆ. ಅಂಥ ಬಿಸಿಲಲ್ಲೂ ತಂಪು! ಎಲೆ ಸರಿಸಿದರೆ ಎರಡೇ ಎಲೆಯ, ಕಮರ ಮರದ ಒಂದು ಸಸಿ. ನಾನು ರೇಷ್ಮೆ ಸೀರೆಯಲ್ಲೇ ಅದರ ಪಕ್ಕ ಕುಳಿತುಬಿಟ್ಟೆ.

"ಏಳ ಮಾರಾಯ್ತಿ, ಗುಡ್ಡ ಕೈಬಿಟ್ಟು ಹೋಗತೈತಿ!"

"ಗುಡಿಸಿದ್ರ ಹೋಗೂದಿಲ್ಲೇನು?"

ಅವನು ಬಗ್ಗಿ ಸಸಿಯನ್ನು ನೋಡಿದ. ಆಮೇಲೆ ಪೊರಕೆ ಎಸೆದು ನನ್ನ ಬಳಿ ಕುಳಿತ. ಕೆಳಗೆ ನಮ್ಮ ಮನೆಯ ಹೊಗೆ ಸಣ್ಣಗಾಗಿ, ನಿಂತುಹೋಯಿತು.

ನಾಳೆ ಬೆಳಿಗ್ಗೆ ಊರವರು ಪೊರಕೆ ಹಿಡಿದು ಬರುತ್ತಾರೆ. ಅವರ ಒಲೆಗಳೂ ತಣ್ಣಗಿವೆ, ಅವರನ್ನು ಹೇಗೆ ಬೈಯಲಿ? ನಾವಿಬ್ಬರೂ ಮತ್ತೆ ಅಲ್ಲೇ ಕೂರುತ್ತೇವೆ. ನಿನ್ನೆಯಿಂದ ಮಾತು ಬಿಟ್ಟಿರುವ ಅತ್ತೆ, ಸಂಜೆ ಬಾಗಿಲ ಬಳಿ ಒಂದು ಚಾಪೆ ಸುತ್ತಿ ಇಟ್ಟಿದ್ದಾರೆ.

ನಿಮ್ಮೂರಿಗೆ ಈಗಷ್ಟೇ ಯಂತ್ರ ಬಂದಿರಬಹುದು. ಹೊಲದ ಕಸ ಒತ್ತಿ, ಮೇಲಿನ ಎಲೆಯನ್ನೂ ಒಂದಿಷ್ಟು ಒತ್ತಿ. ಅಡಿಯದನ್ನು ಮಾತ್ರ ಮುಟ್ಟಬೇಡಿ. ನೀವು ಅದನ್ನು ಬಿಟ್ಟರೆ, ನಾಳೆ ಬೆಳಿಗ್ಗೆ ನಮಗೆ ಇಲ್ಲಿ ಕೂರುವ ಕೆಲಸವೇ ಇರುವುದಿಲ್ಲ.

ನಿಮ್ಮ, ಇನ್ನೂ ಹುಟ್ಟದ,
ಚೈತ್ರಿಕಾ ಫಕೀರೇಶ