ಹಿಂದಿನ ಖೋಲಿಯ ಬಾಗಿಲು

ಚಿಕ್ಕನರಗುಂದ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ಗಜೇಂದ್ರಗಡದಲ್ಲಿ ಬೆಳಗಿನ ಥಂಡಿ ಜೋರಿರಬೇಕು, ತಣ್ಣೀರಿನಲ್ಲಿ ಕಾಲಿಡಬೇಡ. ನಾವಿಲ್ಲಿ ಆರಾಮ ಇದ್ದೇವೆ. ನಿನಗೆ ಫೋನ್ ಹಚ್ಚಿದರೆ ಶಿವನಪ್ಪ ಮಾವನೇ ಎತ್ತಿ, ‘ಅಕ್ಕ ಮಲಗ್ಯಾಳ’ ಎಂದು ಇಟ್ಟುಬಿಡುತ್ತಾನೆ. ಅದಕ್ಕೇ ಈ ಕಾಗದ. ಬಳೆ ಮಾರುವ ಶಹನಾಜಳ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿಂಗರಾಜನ ಹೆಸರು ಎತ್ತಬೇಡ ಎಂದು ಹೇಳಿ ನೀನು ತವರಿಗೆ ಹೋದೆ. ಎತ್ತುತ್ತೇನೆ, ಸಿಟ್ಟಾಗಬೇಡ. ಕಾಲುವೆ ನೀರಿನ ಜಗಳದಲ್ಲಿ ತಮ್ಮನು ಬಾಜೂ ಹೊಲದ ಹಾಲಸಿದ್ದಪ್ಪನ ಕೈ ಮುರಿದದ್ದು ಖರೇ, ಅದನ್ನು ನಾನು ಮುಚ್ಚುವುದಿಲ್ಲ. ಆದರೆ ವಿಚಾರಣೆಯೇ ಶುರುವಾಗದೆ ಅವನನ್ನು ಕೂಡಿಹಾಕಿರುವ ಜಾಗವನ್ನು ನೀನು ನೋಡಿಲ್ಲ. ಆ ಊರಿನ ಹೆಸರು ಬರೆಯಲೂ ನನಗೆ ಹೇಸಿಗೆ. ಗೇಟಿನಲ್ಲೇ ಪಾಯಿಖಾನೆಯ ನಾತ ಗಂಟಲಿಗೆ ಅಡರುತ್ತದೆ. ನಾನು ಒಯ್ದ ಸಜ್ಜೆ ರೊಟ್ಟಿಗಳನ್ನು ಕಾವಲಿನವನು, ಗಟಾರದಲ್ಲಿ ಆಡಿಸುತ್ತಿದ್ದ ಅದೇ ಲಾಠಿಯಿಂದ ತಿವಿದು ಮುರಿದು ನೋಡಿದ. ನಿಂಗರಾಜ ಕುಂಟುತ್ತ ಬಂದ. ಕಜ್ಜಿ ಕೆರೆದು ಕೆರೆದು ಪಾದ ಕೀವಾಗಿತ್ತು. ಅವ್ವಾ, ಆ ಕೀವಿನಲ್ಲಿ ಹುಳ ಇದ್ದವು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅಲ್ಲಿ ಸಾಲೋಮಿಬಾಯಿ ಎಂಬ ಕ್ರೈಸ್ತ ಹೆಂಗಸು ಇದ್ದರು, ನೌಕರಿ ಮುಗಿಸಿದ ನರ್ಸು. ವಾರವಾರ ಸೋಪು, ಔಷಧ ತಂದು ಕೈದಿಗಳ ಹುಣ್ಣು ತೊಳೆಯುತ್ತಿದ್ದರು. ಸೆರೆಯಲ್ಲಿದ್ದವರನ್ನು ಕಂಡರೆ ತಮ್ಮ ಯೇಸುಸ್ವಾಮಿಯನ್ನೇ ಕಂಡಂತೆ ಎಂಬುದು ಅವರ ನಂಬಿಕೆ. ‘ನಿಮ್ಮ ದೇವರಿಗೆ ನಾನೂ ಕೈ ಮುಗೀಲೇನ್ರಿ?’ ಎಂದು ಕೇಳಿದರೆ, ‘ಮೊದಲ ಬಿಸಿನೀರು ಹಿಡೀವಾ ತಂಗಿ, ಹುಳಾ ತಗೀಬೇಕು’ ಎಂದರು.

ಡಾಕ್ಟರನ್ನು ಕರೆಸಿ, ಚಲೋ ನೀರು ಕೊಡಿ, ಕಾಲು ಚಾಚಲು ಜಾಗ ಕೊಡಿ ಎಂದು ಅವರು ಎಷ್ಟೋ ಅರ್ಜಿ ಹಾಕಿದ ಮೇಲೆ ಕಳೆದ ವಾರ ಜಡ್ಜ್ ಸಾಹೇಬರು ಜೈಲು ನೋಡಲು ಬಂದರು. ಅಂದು ಗೋಡೆಗೆಲ್ಲ ಸುಣ್ಣ, ಊಟಕ್ಕೆ ಹೋಳಿಗೆ! ಹುಣ್ಣಾದವರನ್ನು ಮಾತ್ರ, ನಾತ ಬರಬಾರದೆಂದು, ಕಟ್ಟಿಗೆ ಒಟ್ಟುವ ಹಿಂದಿನ ಖೋಲಿಗೆ ತುಂಬಿ ಕೀಲಿ ಜಡಿದಿದ್ದರು. ನಿಂಗರಾಜನೂ ಅಲ್ಲೇ. ಸಾಹೇಬರು ಹೊರಡುವಾಗ ಸಾಲೋಮಿಬಾಯಿ ಅಡ್ಡ ನಿಂತರು. ‘ಹಿಂದಿನ ಖೋಲಿ ತಗಸ್ರಿ ಸಾಹೇಬ್ರ. ತಗಸದ ಹೋಗಬ್ಯಾಡ್ರಿ.’ ತೆಗೆಸಿದರು. ಸಾಹೇಬರು ಗೋಡೆ ಹಿಡಿದು ವಾಂತಿ ಮಾಡಿಕೊಂಡದ್ದನ್ನು ನಾನು ಗೇಟಿನಿಂದ ಕಂಡೆ. ಅಂದೇ ತಮ್ಮನನ್ನು ದವಾಖಾನೆಗೆ ಹಾಕಿದರು. ಎರಡು ಬೆರಳು ತೆಗೆದಿದ್ದಾರೆ, ಕಾಲು ಉಳಿದಿದೆ.

ಅದಕ್ಕಿಂತ ಹೇಸಿಗೆಯದು ಕೇಳು. ಮರುದಿನ ಮಾವ ಜೈಲಿಗೆ ಹೋಗಿ, ‘ಆ ಬಾಯಿ ನಮ್ಮ ಹುಡುಗನ ಜಾತಿ ಕೆಡಸಾಕತ್ತಾಳ’ ಎಂದು ದೂರು ಹೇಳಿ ಬಂದ. ಜೈಲಿನವರಿಗೂ ಅದೇ ಬೇಕಿತ್ತು. ಈಗ ಸಾಲೋಮಿಬಾಯಿಯವರನ್ನು ಒಳಗೆ ಬಿಡುತ್ತಿಲ್ಲ. ಇಷ್ಟು ದಿನ ಅಳಿಯನ ಮುಖ ನೋಡಲು ಹೋಗದವನಿಗೆ ಅಂದು ದಾರಿ ಸಿಕ್ಕಿತು ನೋಡು!

ಅತ್ತೆಗೆ ನನ್ನ ನಮಸ್ಕಾರ ಹೇಳು. ಮಾವನಿಗೆ ಹೇಳುವಂಥದ್ದು ಏನೂ ಇಲ್ಲ. ಗುಳಿಗೆ ತಪ್ಪಿಸಬೇಡ.

ನಿನ್ನ ಮಗಳು,
ಕವಿತಾ

ತಾ.ಕ.: ಶಹನಾಜ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ. ನಿಂಗರಾಜನಿಗೆ ಜಾಮೀನು ಆಗಿದೆ, ಆದರೆ ಹೊಲ ಇದ್ದವರೊಬ್ಬರು ಹೊಣೆ ನಿಲ್ಲಬೇಕು. ಊರಲ್ಲಿ ಯಾರೂ ಒಪ್ಪಲಿಲ್ಲ. ನಮ್ಮ ಹೊಲ ಇರುವುದು ನಿನ್ನ ಹೆಸರಿಗೆ. ಶುಕ್ರವಾರ ಅವನನ್ನು ದವಾಖಾನೆಯಿಂದ ತಿರುಗಿ ಅದೇ ಜೈಲಿಗೆ ಒಯ್ಯುತ್ತಾರೆ. ನಾಡಿದ್ದು ಗುರುವಾರ ಮೊದಲ ಬಸ್ಸಿಗೆ ರೋಣಕ್ಕೆ ಬಾ, ನಾನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಕೂಡಿ ನರಗುಂದದ ಕೋರ್ಟಿಗೆ ಹೋಗೋಣ. ಮಾವನಿಗೆ ಹೇಳಬೇಡ. ಮಗನನ್ನು ಮಾತಾಡಿಸಲು ಮನಸ್ಸಾಗದಿದ್ದರೆ ಮಾತಾಡಿಸಬೇಡ ಅವ್ವಾ, ಸಹಿ ಮಾಡಿ ಹಾಗೇ ತಿರುಗಿ ಹೋಗು.