ಕಂಬಳಿ ಬೇಡ, ಕೌದಿ ಸಾಕು

ಶಿರವಾಳದ ಅತ್ತೆಯವರಿಗೆ ಮುದನಾಳದಿಂದ ನಿಮ್ಮ ಸೊಸೆ ಮಾಡುವ ಶರಣು.

ತವರಲ್ಲಿ ನಾನೂ ಕೂಸೂ ಇದ್ದೇವೆ. ಕೂಸಿಗೆಂದು ನೀವು ಕಂಬಳಿ ನೇಯಿಸುತ್ತಿರುವ ಸುದ್ದಿ ಬಂತು. ದಯಮಾಡಿ ಕಳಿಸಬೇಡಿ. ಇವಳಣ್ಣ ಮಾಳಿಂಗನಿಗೆ ಎದ್ದಂತೆ ಇವಳ ಮೈಮೇಲೂ ತುರಿಸುವ ಗಂಧೆಗಳು ಏಳುತ್ತಿವೆ.

ಯಾದಗಿರಿಯ ಡಾಕ್ಟರಿಗೆ ತೋರಿಸಿದೆ. ಮಾಳಿಂಗನ ವಿಷಯವನ್ನೂ ಹೇಳಿದೆ. ಕಾಲುವೆ ದಂಡೆಯಲ್ಲಿ ಜೇನು ಕಡಿದು, ಮೈತುಂಬ ಗಂಧೆ ಎದ್ದು ನನ್ನ ಮಗ ಮನೆಗೆ ಓಡಿಬಂದದ್ದು, ಪಿತ್ತವೆಂದು ನೀವು ಅವನನ್ನು ಕಂಬಳಿಯಲ್ಲಿ ಸುತ್ತಿ ಉಜ್ಜುತ್ತಲೇ ಕೂತದ್ದು, ಅವನ ಉಸಿರು ನಿಂತದ್ದು.

ಅವರು ಅಂದರು: “ಚರ್ಮದ ಕೆಳಗ ಕಾವಲು ಕಣ ಇರ್ತಾವ್ರಿ, ಕಾಲುವಿ ಗೇಟ್ ಇದ್ದಂಗ. ಒಳಗಿನ ರಸಾನ ಬೇಕಾದಷ್ಟೇ ಬಿಡಬೇಕು. ನಿಮ್ಮ ಮಗನ ಮೈಯಾಗ ಎಲ್ಲಾ ಗೇಟೂ ಒಮ್ಮೆಲೇ ತೆರದು ಗಂಟಲು ಬಾತೈತಿ. ಉಜ್ಜಿದ್ರ ಇನ್ನಷ್ಟು ತೆರೀತಾವ. ಲಗೂನ ಒಂದು ಸೂಜಿ ಮಾಡಿಸಿದ್ರ ಉಳೀಬಹುದಿತ್ತು.”

ಉಳಿಯುತ್ತಿದ್ದನೇ ಎಂದು ನಾನು ಕೇಳಿರಲಿಲ್ಲ. ಅವರಾಗಿಯೇ ಹೇಳಿದರು.

ನಮ್ಮ ಕುರಿ ಕಾಯುವ ಮಂದಿಯಲ್ಲಿ ಗಂಧೆ ಎದ್ದವರನ್ನೆಲ್ಲ ಕಂಬಳಿಯಿಂದಲೇ ಉಜ್ಜುತ್ತಾರೆ, ಗೊತ್ತು. ಆದರೆ ನಾವು ಊರಿಗೆ ಬಂದ ಮೇಲೆ ಕೂಸಿಗೆ ಗಂಧೆ ಎದ್ದು ಉಬ್ಬಸ ಬಂದರೆ ಉಜ್ಜಬೇಡಿ. ಸಿಕ್ಕ ಟ್ರ್ಯಾಕ್ಟರ್ ನಿಲ್ಲಿಸಿ ಶಹಾಪುರದ ದವಾಖಾನೆಗೆ ಒಯ್ಯಿರಿ.

ಹೊದಿಸಲು ಹತ್ತಿಬಟ್ಟೆಯ ಕೌದಿ ಹೊಲಿದಿಡಿ. ತುಂಡು ಸಾಲದಿದ್ದರೆ ಟ್ರಂಕಿನಲ್ಲಿ ಮಾಳಿಂಗನ ಅಂಗಿಗಳಿವೆ.

ಅವನನ್ನು ಸುತ್ತಿದ್ದ ಕಂಬಳಿಯನ್ನೇ ನೀವು ಈಗಲೂ ಹೊದ್ದು ಮಲಗುತ್ತೀರಂತೆ. ನಾನು ಬರುವ ಮೊದಲು ಅದನ್ನು ಕುರಿಹಟ್ಟಿಗೆ ಸಾಗಿಸಿ. ಕಣ್ಣಿಗೆ ಬಿದ್ದರೆ, ಈ ಕಾಗದದಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ನಿಮ್ಮೆದುರು ಆಡಿಬಿಡುತ್ತೇನೆ.

ಮಾಳಿಂಗನ ತಾಯಿ,
ರೇಣಮ್ಮ